ಭೋಂಗಾ ಕೇಳುವಷ್ಟು ದೂರ: ಗೋಕಾಕ ಫಾಲ್ಸಿನ ಗಿರಣಿ ಮನೆಗಳ ಇತಿಹಾಸ ಓದುವ ಬಗೆ

ಗೋಕಾಕ ಫಾಲ್ಸಿಗೆ ಬಂದವರು ನೀರು ನೋಡುತ್ತಾರೆ, ತೂಗುಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ, ಪೇಟೆಯಲ್ಲಿ ಕರದಂಟು ಕಟ್ಟಿಸಿಕೊಂಡು ಹೊರಡುತ್ತಾರೆ. ಅಲ್ಲೇ ಬೆನ್ನ ಹಿಂದೆ ಒಂದು ಇಡೀ ಊರು ಇದೆ. ಅದು ಬೆಳಗಾವಿ ಜಿಲ್ಲೆಯ ಉಳಿದ ಊರುಗಳ ಹಾಗೆ ಹುಟ್ಟಿದ್ದಲ್ಲ. ನಮ್ಮ ಕಡೆ ಊರೆಂದರೆ ಒಂದು ಅಗಸಿ, ಹನಮಪ್ಪನ ಗುಡಿ, ಗೌಡರ ವಾಡೆ, ಸುತ್ತ ಕೇರಿಗಳು, ಆಚೆ ಹೊಲ. ಗಿರಣಿ ಊರಿನ ನಡುವೆ ಇರುವುದು ಗಿರಣಿಯ ಗೇಟು. ದಾರಿಗಳೆಲ್ಲ ಅಲ್ಲಿಗೇ ಹೋಗಿ ಸೇರುತ್ತವೆ. ಮನೆಗೆ ಮನೆತನದ ಹೆಸರಿಲ್ಲ, ನಂಬರ್ ಇದೆ. ಇಂಥ ಊರಿನ ಇತಿಹಾಸವನ್ನು ಮಾಲೀಕರ ಹೆಸರುಗಳ ಪಟ್ಟಿಯಾಗಿ ಬರೆದರೆ ಅರ್ಧಕ್ಕಿಂತ ಹೆಚ್ಚು ಬಿಟ್ಟುಹೋಗುತ್ತದೆ. ಅದನ್ನು ಖೋಲಿ (ವಾಸದ ಕೋಣೆ), ನಳ, ಪಾಳಿ ಈ ಮೂರರಿಂದ ಓದಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಮೊದಲು ಗಿರಣಿ ಅಲ್ಲೇ ಯಾಕೆ ಬಂತು ಎನ್ನುವುದು. ಘಟಪ್ರಭೆ ಅಲ್ಲಿ ಕಲಾದಗಿ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರ್, ಅಂದರೆ 170 ಅಡಿ, ಕೆಳಕ್ಕೆ ಧುಮುಕುತ್ತದೆ. ಈ ಎತ್ತರವೇ ಬಂಡವಾಳ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ ಒಂದು ಘನ ಮೀಟರ್ ನೀರನ್ನು ಕೊಳವೆಯಲ್ಲಿ 50 ಮೀಟರ್ ಕೆಳಗಿಳಿಸಿ ಟರ್ಬೈನ್ ತಿರುಗಿಸಿದರೆ, ನೂರಕ್ಕೆ 75ರಷ್ಟು ಕೈಗೆ ಸಿಕ್ಕಿತು ಎಂದುಕೊಂಡರೂ, ಸುಮಾರು 370 ಕಿಲೋವ್ಯಾಟ್, ಹಳೆಯ ಭಾಷೆಯಲ್ಲಿ 490 ಅಶ್ವಶಕ್ತಿ ಸಿಗುತ್ತದೆ. ಕಲ್ಲಿದ್ದಲು ಸುಡದೆ ಬರುವ ಶಕ್ತಿ ಅದು. ವಿದ್ಯುತ್ ತಂತಿಯ ಕಾಲ ಇನ್ನೂ ಬಂದಿರಲಿಲ್ಲ. ತಿರುಗುವ ಬಲವನ್ನು ದಂಡ, ಪಟ್ಟಾ, ಹಗ್ಗಗಳಲ್ಲೇ ಒಯ್ಯಬೇಕು, ಒಂದೊಂದು ತಿರುವಿನಲ್ಲೂ ಒಂದಷ್ಟು ಸೋರುತ್ತದೆ. ಹಾಗಾಗಿ ಗಿರಣಿ ಊರಿನ ಹತ್ತಿರ ಬರಲಾರದು, ನೀರಿನ ಹತ್ತಿರವೇ ಕೂರಬೇಕು. 1880ರ ದಶಕದಲ್ಲಿ ಮುಂಬಯಿಯ ಫೋರ್ಬ್ಸ್ ಕಂಪನಿಯವರ ಆಡಳಿತದಲ್ಲಿ ನೂಲಿನ ಗಿರಣಿ ಕಟ್ಟಿದ್ದು, 1887ರ ಹೊತ್ತಿಗೆ ಅದು ತಿರುಗಲು ಶುರುವಾದದ್ದು ಈ ಕಾರಣಕ್ಕೆ. ಬೈಲಹೊಂಗಲ ಕಡೆಯ ಎರೆಭೂಮಿಯ ಹತ್ತಿ ಹತ್ತಿರದಲ್ಲೇ ಇತ್ತು. 1876ರಿಂದ 78ರ ಧಾತು ಬರದ ನಂತರ ಹಾಕಿದ ಸದರ್ನ್ ಮರಾಠಾ ರೈಲು ಅದೇ ದಶಕದಲ್ಲಿ ಈ ಸೀಮೆಗೆ ಬಂತು.

ಗಿರಣಿ ನೀರಿನ ಹತ್ತಿರ ಕೂತರೆ ಆಳು ಎಲ್ಲಿಂದ ಬರಬೇಕು? ಗೋಕಾಕ ಪೇಟೆ ಐದಾರು ಕಿಲೋಮೀಟರ್ ದೂರ, ದಾರಿ ಏರು. ಪಕ್ಕದ ಕೊಣ್ಣೂರು ಸ್ವಲ್ಪ ಜನ ಕೊಡಬಹುದು, ಸಾವಿರಗಟ್ಟಲೆ ಅಲ್ಲ. ಇಲ್ಲಿ ಕೆಲಸದ ಗಂಟೆಗಳನ್ನು ನೆನಪಿಟ್ಟುಕೊಳ್ಳಬೇಕು. 1891ರ ಫ್ಯಾಕ್ಟರಿ ಕಾಯ್ದೆ ಹೆಂಗಸರಿಗೆ ದಿನಕ್ಕೆ 11 ಗಂಟೆ, 9ರಿಂದ 14 ವರ್ಷದ ಮಕ್ಕಳಿಗೆ 7 ಗಂಟೆಯ ಮಿತಿ ಹಾಕಿತು. ಗಂಡಸರಿಗೆ ಮಿತಿಯೇ ಇರಲಿಲ್ಲ. 1911ರಲ್ಲಿ ಬಟ್ಟೆ ಗಿರಣಿಗಳಿಗೆ 12 ಗಂಟೆ, 1922ರಲ್ಲಿ 11 ಗಂಟೆ, 1934ರಲ್ಲಿ 10 ಗಂಟೆ, 1948ರಲ್ಲಿ ದಿನಕ್ಕೆ 9 ಮತ್ತು ವಾರಕ್ಕೆ 48 ಗಂಟೆ. ಹನ್ನೆರಡು ಗಂಟೆ ದುಡಿದವನು ಹೋಗಿಬರಲು ಮೂರು ಗಂಟೆ ನಡೆದರೆ ಮಲಗುವುದು ಯಾವಾಗ? ಕಂಪನಿ ಮನೆ ಕಟ್ಟಿಸುವುದಕ್ಕೆ ದಯೆಗಿಂತ ಮೊದಲು ಬಂದದ್ದು ಈ ಲೆಕ್ಕ. ಬೆಳಗಿನ ಭೋಂಗಾ, ಅಂದರೆ ಗಿರಣಿಯ ಸೈರನ್, ಕೇಳಿ, ಮುಖ ತೊಳೆದು, ಹಾಜರಿಗೆ ನಿಲ್ಲುವಷ್ಟು ಹತ್ತಿರ ಆಳು ಇರಬೇಕು. ಗಿರಣಿ ಊರಿನ ಎಲ್ಲೆ ಅಂದರೆ ಭೋಂಗಾ ಕೇಳುವಷ್ಟು ದೂರ.

ನೀರಿನ ಗಿರಣಿಗೆ ಇನ್ನೊಂದು ತೊಂದರೆ ಇತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟಪ್ರಭೆ ಬೇಡವೆಂದರೂ ಸುರಿಯುತ್ತದೆ. ಏಪ್ರಿಲ್, ಮೇ ಬಂತೆಂದರೆ ಬಂಡೆ ಕಾಣುತ್ತದೆ. ಶಕ್ತಿ ಕಡಿಮೆಯಾದಾಗ ಮೊದಲು ಕೆಲಸ ತಪ್ಪುವುದು ಖಾಯಂ ಅಲ್ಲದ ಬದಲಿ ಆಳಿಗೆ. ಅದೇ ಹೊತ್ತಿಗೆ ಹೊಲದಲ್ಲೂ ಕೆಲಸವಿಲ್ಲ. ಆದ್ದರಿಂದ ಖೋಲಿಯ ಇತಿಹಾಸ ಕೇಳುವಾಗ ಯಾವ ವರ್ಷ ಎಂಬುದರ ಜೊತೆಗೆ ಯಾವ ತಿಂಗಳು ಎಂಬುದನ್ನೂ ಕೇಳಬೇಕು. ಬೇಸಿಗೆಯಲ್ಲಿ ಖಾಲಿಯಾಗಿ ಮಳೆಗಾಲದಲ್ಲಿ ತುಂಬುವ ಖೋಲಿ ನೀರಿನ ಶಕ್ತಿಯ ಕಾಲದ್ದು, ವರ್ಷವಿಡೀ ತುಂಬಿರುವುದು ಬೇರೆ ಶಕ್ತಿ ಸೇರಿದ ಮೇಲಿನದು. ಮೇಲ್ಭಾಗದಲ್ಲಿ ಧೂಪದಾಳದ ಒಡ್ಡು, ಆಮೇಲೆ 1970ರ ದಶಕದ ಹಿಡಕಲ್ ಅಣೆಕಟ್ಟು (ಸುಮಾರು 51 ಟಿಎಂಸಿ) ಬಂದು ನದಿಯ ನಡೆಯೇ ಬದಲಾಯಿತು.

ಗೋಡೆ, ಹಂಚು, ಅಡಿ, ಮೀಟರ್

ಗಿರಣಿ ಲೈನಿನ, ಅಂದರೆ ಕಂಪನಿ ಸಾಲಾಗಿ ಕಟ್ಟಿಸಿದ, ಮನೆಗಳ ಕಾಲ ಗುರುತಿಸಲು ಬೇಕಾಗುವ ಸಾಮಾನು ಕಡಿಮೆ: 15 ಮೀಟರ್ ಟೇಪು, ಒಂದು ಅಡಿಯ ಮಟ್ಟಗೋಲು, ಚೌಕಳಿ ಹಾಳೆಯ ನೋಟ್‌ಬುಕ್, ಹಳೆಯ ಚಾಕು, ಟಾರ್ಚು. ಇಬ್ಬರು ಬೇಕು, ಒಬ್ಬರು ಟೇಪು ಹಿಡಿದರೆ ಒಬ್ಬರು ಬರೆಯಬೇಕು. ಮನೆಯವರ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡಬಾರದು. ಅಳೆಯಲು ಬಂದವರೆಂದರೆ ಒಡೆಯಲು ಬಂದವರು ಎಂಬ ಅಂಜಿಕೆ ಈ ಲೈನುಗಳಲ್ಲಿ ಸುಮ್ಮನೆ ಹುಟ್ಟಿಲ್ಲ.

ಮೊದಲು ಖೋಲಿಯ ಒಳ ಅಳತೆ. 3.05 ಮೀಟರ್ ಮತ್ತು 3.66 ಮೀಟರ್ ಬಂದರೆ ಅದು 10 ಅಡಿ, 12 ಅಡಿಯ ಖೋಲಿ, ಅಡಿಯಲ್ಲಿ ನಕ್ಷೆ ಬರೆದ ಕಾಲದ್ದು. ಸರಿಯಾಗಿ 3 ಮೀಟರ್, 3.60 ಮೀಟರ್ ಬಂದರೆ ನಕ್ಷೆ ಮೆಟ್ರಿಕ್‌ನಲ್ಲಿದೆ, ಅಂದರೆ 1960ರ ನಂತರದ್ದು. ದೇಶದಲ್ಲಿ ಮೆಟ್ರಿಕ್ ಅಳತೆ ಕಾನೂನಾದದ್ದು 1956ರಲ್ಲಿ, ಕಡ್ಡಾಯವಾಗುತ್ತ ಬಂದದ್ದು 1962ರ ಹೊತ್ತಿಗೆ. ಈ ಗುರುತು ಒಂದು ದಿಕ್ಕಿಗಷ್ಟೇ ನಂಬಿಗಸ್ತ: ನಮ್ಮ ಗೌಂಡಿಗಳು ಇವತ್ತಿಗೂ ಅಡಿಯಲ್ಲೇ ಕಟ್ಟುತ್ತಾರೆ, ಹಾಗಾಗಿ ಅಡಿ ಬಂದ ಮಾತ್ರಕ್ಕೆ ಮನೆ ಹಳೆಯದಲ್ಲ. ಮೀಟರ್ ಬಂದರೆ ಮಾತ್ರ ಹೊಸದು ಎಂದು ಧೈರ್ಯವಾಗಿ ಹೇಳಬಹುದು. ಗಾತ್ರವನ್ನು ತೂಗಿ ನೋಡಲು ಒಂದು ಹೋಲಿಕೆ: 1920ರ ದಶಕದಲ್ಲಿ ಮುಂಬಯಿ ಸರಕಾರ ಕಟ್ಟಿಸಿದ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳಗಳ ಖೋಲಿ 160 ಚದರ ಅಡಿ. 10x12ರ ಖೋಲಿ 120. ಬೆಳಗಾವಿ ಆಗ ಅದೇ ಮುಂಬಯಿ ಪ್ರಾಂತ್ಯ, 1956ರ ನವೆಂಬರ್‌ವರೆಗೆ.

ಆಮೇಲೆ ಗೋಡೆ. ಬಾಗಿಲ ಚೌಕಟ್ಟಿನ ಹತ್ತಿರ ದಪ್ಪ ಅಳೆಯುವುದು ಸುಲಭ. 45 ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ ಕಲ್ಲಿನ ಗೋಡೆ, ಸುಮಾರು 23 ಇದ್ದರೆ ಇಟ್ಟಿಗೆಯದು. ಗೋಕಾಕ ಸುತ್ತಿನ ಕಲ್ಲು ಬಲು ಗಟ್ಟಿ, ಚೌಕ ಮಾಡಲು ಕೂಲಿ ಹೆಚ್ಚು ಬೀಳುತ್ತದೆ. ಅದಕ್ಕೇ ಒರಟು ಕಲ್ಲಿನ ದಪ್ಪ ಗೋಡೆ ಕಟ್ಟಿ ಮೇಲೆ ಗಿಲಾವು ಮಾಡುತ್ತಿದ್ದರು. ಗಿಲಾವನ್ನು ಮೂಲೆಯಲ್ಲಿ ಚಾಕುವಿನಿಂದ ಸ್ವಲ್ಪ ಕೆರೆದು ನೋಡಿ: ಬೆಳ್ಳಗೆ ಪುಡಿಯಾದರೆ ಸುಣ್ಣದ ಗಾರೆ, ಬೂದು ಬಣ್ಣದಲ್ಲಿ ಚಾಕುವಿಗೆ ಬಗ್ಗದಿದ್ದರೆ ಸಿಮೆಂಟು. ಸುಣ್ಣದ ಮೇಲೆ ಸಿಮೆಂಟು ಬಳಿದಿದ್ದರೆ ಆ ಗೋಡೆಯ ಕೆಳಭಾಗದಲ್ಲಿ ಉಪ್ಪು ಹೊರಬಂದು ಪದರು ಉದುರುತ್ತಿರುತ್ತದೆ. ಕಲ್ಲಿನ ಗೋಡೆಯೊಳಗೆ ಏರಿದ ತೇವ ಸುಣ್ಣದ ಮೂಲಕ ಆರಿಹೋಗುತ್ತಿತ್ತು, ಸಿಮೆಂಟು ಆ ದಾರಿ ಮುಚ್ಚಿತು. ಇಂಥ ಮನೆಯವರು ವರ್ಷಾ ಸಿಮೆಂಟು ಬಳಿಸುತ್ತಾರೆ, ವರ್ಷಾ ಉದುರುತ್ತದೆ. ಮೊಣಕಾಲೆತ್ತರದವರೆಗೆ ಸಿಮೆಂಟು ಪೂರಾ ತೆಗೆದು ಸುಣ್ಣದ ಗಿಲಾವು ಮಾಡಿಸಿದರೆ ನಿಲ್ಲುತ್ತದೆ. ಗೋಡೆ ಆರಲು ಒಂದು ಬೇಸಿಗೆ ಬಿಡಬೇಕು.

ಹಂಚಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಇಲ್ಲೇ ಜನ ಹೆಚ್ಚು ಮೋಸ ಹೋಗುತ್ತಾರೆ. ಮಂಗಳೂರು ಹಂಚಿನ ಮೊದಲ ಕಾರ್ಖಾನೆ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಾಕಿದ್ದು. ಹಂಚಿನ ಕೆಳಮೈಯಲ್ಲಿ ಕಾರ್ಖಾನೆಯ ಹೆಸರು, ಕೆಲವು ಸಲ ಇಸವಿ ಅಚ್ಚಾಗಿರುತ್ತದೆ. ಅದನ್ನು ಓದಿ ಮನೆಯ ವಯಸ್ಸು ಹೇಳುವುದು ತಪ್ಪು. ಹಂಚು ಒಂದು ಛಾವಣಿಯಿಂದ ಇಳಿದು ಇನ್ನೊಂದರ ಮೇಲೆ ಏರುವ ವಸ್ತು. ಒಂದು ಲೈನಿನಲ್ಲಿ ಮೂರು ಕಾರ್ಖಾನೆಗಳ ಹಂಚು ಸಿಕ್ಕರೆ ಆ ಛಾವಣಿಯನ್ನು ಕನಿಷ್ಠ ಎರಡು ಸಲ ರಿಪೇರಿ ಮಾಡಿದ್ದಾರೆ ಎಂದು ತಿಳಿಯಬೇಕು, ಅಷ್ಟೇ. ವಯಸ್ಸಿಗೆ ನಂಬಬೇಕಾದದ್ದು ಜಂತಿ ಗೋಡೆಯೊಳಗೆ ಕೂತ ಜಾಗ: ಅಲ್ಲಿ ಗಾರೆ ಮುರಿದು ಮತ್ತೆ ತುಂಬಿದ ಗುರುತಿಲ್ಲದಿದ್ದರೆ ಮರ ಗೋಡೆಯಷ್ಟೇ ಹಳೆಯದು.

ಎಷ್ಟು ಹಂಚು ಬೇಕು ಎಂಬ ಲೆಕ್ಕವೂ ಇತಿಹಾಸವೇ. ಚದರ ಮೀಟರಿಗೆ ಸುಮಾರು 15 ಹಂಚು. 10 ಅಡಿ ಅಗಲದ ಮನೆಯಲ್ಲಿ 12 ಅಡಿ ಖೋಲಿ, 6 ಅಡಿ ಪಡಸಾಲೆ, ಎರಡು ಅಡಿ ಚಾಚು ಸೇರಿ 20 ಅಡಿ. 30 ಡಿಗ್ರಿ ಇಳಿಜಾರಿಗೆ ಅದು 23 ಅಡಿಯಾಗುತ್ತದೆ. 230 ಚದರ ಅಡಿ ಅಂದರೆ 21 ಚದರ ಮೀಟರಿಗೆ ಸ್ವಲ್ಪ ಹೆಚ್ಚು, 320 ಹಂಚು. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ ಒಂದು ಮನೆಯ ತಲೆ ಮೇಲೆ 800 ಕಿಲೋ. ಇದಕ್ಕೆ ಕಲ್ನಾರಿನ ಶೀಟು ಎಷ್ಟೋ ಹಗುರ, ಹಾಕುವುದೂ ಬೇಗ. ಅದಕ್ಕಾಗಿ ಹಂಚು ಇಳಿದು ಶೀಟು ಬಂತು. ಫಾಲ್ಸಿನಲ್ಲಿ ಮಂಗಗಳ ಕಾಟವೂ ಇದೆ, ಮಂಗ ಹಾರಿದರೆ ಹಂಚು ಒಡೆಯುತ್ತದೆ. ಆದರೆ ಶೀಟಿನ ಕೆಳಗೆ ಮಧ್ಯಾಹ್ನ ಯಾರೂ ಮಲಗಲಾರರು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಮಲಗಬೇಕಾದ ಹೊತ್ತು ಅದೇ. ಛಾವಣಿ ಬದಲಿಸಿದವರು ಈ ಮಾತನ್ನು ಕೇಳಿಕೊಂಡಿದ್ದರೆ ಚೆನ್ನಾಗಿತ್ತು. ಇಳಿಜಾರು ನೋಡಲು ಮಟ್ಟಗೋಲನ್ನು ಅಡ್ಡ ಹಿಡಿದು ಒಂದು ಅಡಿಗೆ ಎಷ್ಟು ಅಂಗುಲ ಏರಿದೆ ಅಳೆಯಿರಿ. 7 ಅಂಗುಲ ಇದ್ದರೆ 30 ಡಿಗ್ರಿ. 5 ಅಂಗುಲಕ್ಕಿಂತ ಕಡಿಮೆ ಇದ್ದರೆ ಅದು ಹಂಚಿಗೆಂದು ಮಾಡಿದ ಛಾವಣಿಯಲ್ಲ, ಅಂಥಲ್ಲಿ ಹಂಚು ಹಾಕಿದರೆ ಗಾಳಿಮಳೆಗೆ ನೀರು ಹಿಂದಕ್ಕೇರಿ ಸೋರುತ್ತದೆ.

ನಳ, ಸಂಡಾಸ, ಗಲ್ಲಿ

ಲೈನಿನ ಹಿಂದಿನ ಗಲ್ಲಿಗೆ ಹೋಗದೆ ಬರೆದ ಇತಿಹಾಸ ಸುಳ್ಳಾಗುತ್ತದೆ. ಮುಂಬಾಗಿಲ ದಾರಿಗಿಂತ ಬೇರೆಯಾಗಿ, ಎರಡು ಸಾಲಿನ ಬೆನ್ನುಗಳ ನಡುವೆ ಒಬ್ಬರು ಬುಟ್ಟಿ ಹೊತ್ತು ನಡೆಯುವಷ್ಟು ಗಲ್ಲಿ ಇದ್ದರೆ, ಗೋಡೆಯ ಬುಡದಲ್ಲಿ ಮುಚ್ಚಿದ ಸಣ್ಣ ಕಿಂಡಿಗಳ ಗುರುತಿದ್ದರೆ, ಅಲ್ಲಿ ಬುಟ್ಟಿ ಸಂಡಾಸ ಇತ್ತು ಎಂದರ್ಥ. ಮಲ ಎತ್ತುತ್ತಿದ್ದ ಮನುಷ್ಯರಿದ್ದರು, ಅವರ ಮನೆಗಳೂ ಎಲ್ಲೋ ಇದ್ದವು, ಹೆಚ್ಚಾಗಿ ಲೈನಿನ ಲೆಕ್ಕದ ಹೊರಗೆ. ದೇಶದಲ್ಲಿ ಇದನ್ನು ನಿಷೇಧಿಸಿದ ಕಾಯ್ದೆ ಬಂದದ್ದು 1993ರಲ್ಲಿ, ಮತ್ತೆ ಬಿಗಿ ಮಾಡಿದ್ದು 2013ರಲ್ಲಿ. ಆ ಕುಟುಂಬಗಳು ಎಲ್ಲಿದ್ದವು, ಕಂಪನಿಯ ಪಗಾರ ಇತ್ತೋ ಮನೆಮನೆಯಿಂದ ರೊಟ್ಟಿ ಸಿಗುತ್ತಿತ್ತೋ ಎಂದು ಕೇಳಿ ಬರೆಯಲೇಬೇಕು.

ಯಾವ ಜಾತಿಯವರಿಗೆ ಯಾವ ಲೈನು ಎಂಬುದೂ ಹಾಗೆಯೇ. ಮುಂಬಯಿ ಪ್ರಾಂತ್ಯದ ಬಟ್ಟೆ ಗಿರಣಿಗಳಲ್ಲಿ ಆಳು ತರುತ್ತಿದ್ದವನು ಜಾಬರ್. ತನ್ನ ಊರು, ತನ್ನ ಜನ, ತನಗೆ ಸಾಲದಲ್ಲಿರುವವರನ್ನು ತರುತ್ತಿದ್ದ. 1929ರಿಂದ 31ರ ರಾಯಲ್ ಲೇಬರ್ ಕಮಿಶನ್ ಜಾಬರನ ಲಂಚದ ಬಗ್ಗೆ ಕಟುವಾಗಿಯೇ ಬರೆದಿದೆ. ಆದ್ದರಿಂದ ಒಂದು ಲೈನಿನಲ್ಲಿ ಒಂದೇ ಸೀಮೆಯ ಮನೆಗಳು ಸಾಲಾಗಿ ಸಿಕ್ಕರೆ ಅದನ್ನು ಆಕಸ್ಮಿಕವೆಂದು ಬಿಡದೆ, ಅಲ್ಲಿಗೆ ಅವರನ್ನು ಕರೆತಂದ ಜಾಬರ್ ಗಿರಣಿಯ ಯಾವ ಖಾತೆಯವನು (ವಿಭಾಗದವನು) ಎಂದು ಹುಡುಕಬೇಕು. ಹತ್ತಿ ಬಿಡಿಸುವ ಬ್ಲೋರೂಮಿನವನೋ, ಎಳೆ ಬಾಚುವ ಕಾರ್ಡಿಂಗಿನವನೋ, ನೂಲು ತೆಗೆಯುವ ರಿಂಗ್‌ಫ್ರೇಮಿನವನೋ. ಹತ್ತಿಯ ಧೂಳು ಹೆಚ್ಚಿರುವುದು ಮೊದಲಿನೆರಡು ಖಾತೆಯಲ್ಲಿ. ಕೆಮ್ಮಿನ ಇತಿಹಾಸವೂ ಲೈನಿನ ಪ್ರಕಾರ ಹಂಚಿಹೋಗಿರುವುದನ್ನು ಆಗ ಕಾಣಬಹುದು. ನೂಲು ಸುತ್ತುವ ರೀಲಿಂಗ್, ವೈಂಡಿಂಗ್ ಕಡೆ ಹೆಂಗಸರಿದ್ದರು. ರಾತ್ರಿ ಪಾಳಿ ಕಾಯ್ದೆಯಲ್ಲಿ ಅವರಿಗೆ ನಿಷಿದ್ಧವಾಗಿತ್ತು, ಹಾಗಾಗಿ ಗಂಡ ರಾತ್ರಿ ಪಾಳಿ, ಹೆಂಡತಿ ಹಗಲು ಎಂಬ ಮನೆಗಳಲ್ಲಿ ಒಂದೇ ಖೋಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ಯಾರೋ ಒಬ್ಬರಿಗೆ ಮಲಗುವ ಮನೆ.

ಒಂಟಿ ಗಂಡಸರಿಗೆ ಅನ್ನ ಹಾಕಿದ್ದು ಖಾನಾವಳಿ. ಇದನ್ನು ನಡೆಸಿದ ಹೆಂಗಸರ ಹೆಸರು ಯಾವ ರಜಿಸ್ಟರಿನಲ್ಲೂ ಇರುವುದಿಲ್ಲ. ಇಪ್ಪತ್ತು ಜನಕ್ಕೆ ಎರಡು ಹೊತ್ತು, ಹೊತ್ತಿಗೆ ಮೂರು ರೊಟ್ಟಿ ಎಂದರೆ ದಿನಕ್ಕೆ 120 ರೊಟ್ಟಿ. ರೊಟ್ಟಿಗೆ 100 ಗ್ರಾಂ ಹಿಟ್ಟು ಹಿಡಿದರೆ 12 ಕಿಲೋ ಜೋಳದ ಹಿಟ್ಟು. ಒಂದು ರೊಟ್ಟಿ ಬಡಿದು ಬೇಯಿಸಲು ಎರಡು ನಿಮಿಷ ಎಂದರೂ ನಾಲ್ಕು ತಾಸು ಒಲೆಯ ಮುಂದೆ, ಅದೂ ಭೋಂಗಾಕ್ಕೆ ಮುಂಚೆ ಅರ್ಧ ಮುಗಿದಿರಬೇಕು. ಆ ಖೋಲಿಯ ಜಂತಿ ಉಳಿದವಕ್ಕಿಂತ ಕಪ್ಪಾಗಿರುತ್ತದೆ. ಟಾರ್ಚು ತಂದದ್ದು ಇದನ್ನು ನೋಡಲಿಕ್ಕೆ.

ಕಾಗದ ಎಲ್ಲಿ ಸಿಗುತ್ತದೆ

ಗಿರಣಿಯ ದಫ್ತರಕ್ಕಿಂತ ಮನೆಯ ಟ್ರಂಕೇ ಒಳ್ಳೆಯ ದಫ್ತರ. ಪಗಾರ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ಸ್ಲಿಪ್ಪು, ಬೋನಸ್ ಚೀಟಿ ಅಲ್ಲಿರುತ್ತವೆ. ಇಸವಿ ಹರಿದುಹೋಗಿದ್ದರೆ ಕಂಪನಿಯ ಹೆಸರು ನೋಡಿ: ಮೊದಲು ಗೋಕಾಕ ಮಿಲ್ಸ್, ಆಮೇಲೆ ಗೋಕಾಕ ಪಟೇಲ್ ವೋಲ್ಕಾರ್ಟ್, ಆಮೇಲೆ ಫೋರ್ಬ್ಸ್ ಗೋಕಾಕ, ಕೊನೆಗೆ ಗೋಕಾಕ ಟೆಕ್ಸ್‌ಟೈಲ್ಸ್. ಮಾಲೀಕತ್ವ ಟಾಟಾ ಗುಂಪಿನಿಂದ ಶಾಪೂರ್ಜಿ ಪಲ್ಲೋಂಜಿ ಗುಂಪಿಗೆ ಹೋದದ್ದು 2000ದ ಈಚೆ. ಪಿಎಫ್ ಕಾಯ್ದೆ 1952ರದ್ದು, ಆದ್ದರಿಂದ ಸರಕಾರಿ ಪಿಎಫ್ ನಂಬರ್ ಇರುವ ಕಾಗದ ಅದಕ್ಕಿಂತ ಹಳೆಯದಾಗಲಾರದು.

ಎರಡನೆಯದು ಶಾಲೆಯ ದಾಖಲಾತಿ ರಜಿಸ್ಟರ್. ತಂದೆಯ ಹೆಸರು, ಉದ್ಯೋಗ, ಜಾತಿ, ಹುಟ್ಟೂರು, ಬಿಟ್ಟ ವರ್ಷ ಎಲ್ಲ ಒಂದೇ ಸಾಲಿನಲ್ಲಿ. ಹತ್ತು ವರ್ಷಕ್ಕೊಂದು ವರ್ಷ ಆರಿಸಿ ಹುಟ್ಟೂರುಗಳನ್ನು ಎಣಿಸಿದರೆ ಜನ ಎಲ್ಲಿಂದ ಬಂದರು ಎಂಬುದು ತಿಳಿಯುತ್ತದೆ. ಹುಟ್ಟಿದ ತಾರೀಖನ್ನು ಮಾತ್ರ ನಂಬಬೇಡಿ, ಅಷ್ಟೊಂದು ಮಕ್ಕಳು ಜೂನ್ 1ರಂದೇ ಹುಟ್ಟಿರಲಾರರು. ಮತದಾರರ ಪಟ್ಟಿ ಮನೆ ನಂಬರಿನ ಪ್ರಕಾರ ಇರುವುದರಿಂದ ಒಂದು ಖೋಲಿಯಲ್ಲಿ ಎಷ್ಟು ದೊಡ್ಡವರಿದ್ದರು ಎಂಬುದಕ್ಕೆ ಅದೇ ಆಧಾರ. ಜಮೀನಿಗೆ ಪಹಣಿ, ಮ್ಯುಟೇಶನ್, ಗ್ರಾಮ ನಕಾಶೆ, ಟಿಪ್ಪಣಿ ತಾಲೂಕು ಕಚೇರಿ ಮತ್ತು ಭೂಮಾಪನ ಕಚೇರಿಯಲ್ಲಿ. ಅರ್ಜಿಯಲ್ಲಿ ಸರ್ವೆ ನಂಬರ್ ಇಲ್ಲದಿದ್ದರೆ ಏನೂ ಸಿಗದು, ಮೊದಲು ನಕಾಶೆ ತೆಗೆಸಿ ನಂಬರ್ ಗುರುತಿಸಿಕೊಳ್ಳಿ. ಕೆಲವು ಹಳೆಯ ಖಾಸಗಿ ಲೆಕ್ಕದ ಕಾಗದ ಹಳೆಯ ಮರಾಠಿ ಬರವಣಿಗೆಯ ಮೋಡಿ ಲಿಪಿಯಲ್ಲಿ ಇರಬಹುದು. ಓದಲು ಬಾರದೆಂದು ಎಸೆಯದೆ ಫೋಟೋ ತೆಗೆದಿಡಿ.

ಬಾಯಿಮಾತು ಕೇಳುವಾಗ ಇಸವಿ ಕೇಳಿದರೆ ತಪ್ಪು ಉತ್ತರ ಬರುತ್ತದೆ. "ಅಮ್ಮಾರ, ನೀವು ಬಂದಾಗ ನಳ ಎಲ್ಲಿತ್ರಿ? ಎಷ್ಟು ಮನಿಗೆ ಒಂದು ನಳ ಇತ್ತು?" ಎಂದು ಕೇಳಿದರೆ ಸರಿಯಾದ ಉತ್ತರ ಬರುತ್ತದೆ. ಕಾಲ ಗುರುತಿಸಲು ಗೊತ್ತಿರುವ ಘಟನೆಗಳನ್ನು ಹಿಡಿಯಿರಿ: 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ, 1972ರ ಬರ, 1982ರ ಜನವರಿಯಲ್ಲಿ ಶುರುವಾದ ಮುಂಬಯಿ ಗಿರಣಿ ಮುಷ್ಕರ, 2019ರ ಆಗಸ್ಟಿನ ಪ್ರವಾಹ. ಹಿರಿಯರ ಹಿರಿಯರ ಮಾತಾದರೆ ಪ್ಲೇಗು, 1918ರ ಇನ್‌ಫ್ಲುಯೆಂಝಾ. ಸಂವತ್ಸರದ ಹೆಸರು ಬಂದಾಗ ಎಚ್ಚರ: ಅರವತ್ತು ವರ್ಷಕ್ಕೆ ಹೆಸರು ತಿರುಗಿ ಬರುತ್ತದೆ. ಧಾತು 1876ರಲ್ಲೂ ಬಂತು, 1936ರಲ್ಲೂ, 1996ರಲ್ಲೂ. ಅಜ್ಜ ಧಾತು ಸಂವತ್ಸರದಲ್ಲಿ ಗಿರಣಿ ಸೇರಿದ ಎಂದರೆ ಅದು 1936, ಯಾಕೆಂದರೆ 1876ರಲ್ಲಿ ಗಿರಣಿಯೇ ಇರಲಿಲ್ಲ.

ಮನೆ ಯಾರದು ಎಂಬ ಪ್ರಶ್ನೆ ಎಲ್ಲ ಸಂದರ್ಶನದಲ್ಲೂ ಎದ್ದೇ ಏಳುತ್ತದೆ, ಅದಕ್ಕೆ ಸುಳ್ಳು ಭರವಸೆ ಕೊಡಬಾರದು. ಕಂಪನಿ ಕೊಟ್ಟ ಕ್ವಾರ್ಟರ್ಸ್ ನೌಕರಿಯ ಜೊತೆ ಬಂದದ್ದು, ಎಷ್ಟು ವರ್ಷ ಇದ್ದರೂ ಒಪ್ಪಿಗೆಯಿಂದ ಇದ್ದದ್ದು, ಹನ್ನೆರಡು ವರ್ಷ ಇದ್ದರೆ ಮನೆ ನಮ್ಮದೇ ಆಗುತ್ತದೆ ಎಂಬ ಅನುಭೋಗದ ಮಾತು ಅದಕ್ಕೆ ಹೊಂದುವುದಿಲ್ಲ. 1956ರ ಕಂಪನಿ ಕಾಯ್ದೆಯ 630ನೇ ಕಲಮು, ಈಗ 2013ರ ಕಾಯ್ದೆಯ 452ನೇ ಕಲಮು, ಮನೆ ಬಿಡದವರ ಮೇಲೆ ಮೊಕದ್ದಮೆಗೆ ಅವಕಾಶ ಕೊಡುತ್ತದೆ. ನೌಕರ ತೀರಿಕೊಂಡ ಮೇಲೆ ಅವನ ಕುಟುಂಬಕ್ಕೂ 630 ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಆದರೆ 2020ರ ತಿದ್ದುಪಡಿ ಬಹಳ ಜನಕ್ಕೆ ಗೊತ್ತಿಲ್ಲ: ಪಿಎಫ್, ಪಿಂಚಣಿ, ಗ್ರ್ಯಾಚುಟಿ ಅಥವಾ ಅಪಘಾತ ಪರಿಹಾರ ಬಾಕಿ ಉಳಿಸಿಕೊಂಡಿರುವ ಕಂಪನಿ ಮನೆಯ ವಿಷಯಕ್ಕೆ ಆಳನ್ನು ಜೈಲಿಗೆ ಹಾಕಿಸಲು ಬರುವುದಿಲ್ಲ. ಅದಕ್ಕೇ ಬಾಕಿಯ ಲೆಕ್ಕ ಬರೆದಿಟ್ಟುಕೊಂಡಿರಬೇಕು. ಗ್ರ್ಯಾಚುಟಿಯ ಲೆಕ್ಕ ಸರಳ: ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. 13,000 ರೂಪಾಯಿಗೆ 30 ವರ್ಷ ಆದರೆ 2,25,000. ತಪ್ಪುವುದು ವರ್ಷಗಳ ಎಣಿಕೆಯಲ್ಲಿ, ಬದಲಿಯಾಗಿ ದುಡಿದ ವರ್ಷಗಳು ಕೈಬಿಟ್ಟು ಹೋಗುತ್ತವೆ. ಆ ವರ್ಷಗಳಿಗೆ ಉಳಿಯುವ ಸಾಕ್ಷಿ ಟ್ರಂಕಿನಲ್ಲಿರುವ ಪಗಾರ ಚೀಟಿಯೇ. ಹಳೆಯ ಚೀಟಿಗಳ ಮಸಿ ಮಾಸುತ್ತದೆ, ಪ್ಲಾಸ್ಟಿಕ್ ಹಾಕಿ ಲ್ಯಾಮಿನೇಶನ್ ಮಾಡಿಸಿದರೆ ಬಿಸಿಗೆ ಇನ್ನೂ ಬೇಗ ಕೆಡುತ್ತದೆ. ನೆರಳಿನಲ್ಲಿ ಎರಡೂ ಬದಿ ಫೋಟೋ ತೆಗೆದು, ಮೂಲವನ್ನು ಕಾಗದದ ಲಕೋಟೆಯಲ್ಲಿಟ್ಟು, ಲಕೋಟೆಯ ಮೇಲೆ ಲೈನು ಮತ್ತು ಮನೆ ನಂಬರನ್ನು ಪೆನ್ಸಿಲ್ಲಿನಲ್ಲಿ ಬರೆದು ಮನೆಯವರ ಕೈಗೇ ವಾಪಸು ಕೊಡಿ.